ಬಿಡಿಸದ ಪುಟಗಳು

ನಮ್ಮ ವಿಶ್ವವಿದ್ಯಾಲಯದ ಗ್ರಂಥಪಾಲಕಿಯನ್ನು ವಿದ್ಯಾರ್ಥಿಗಳು ಲೈಬ್ರರಿ ಅಕ್ಕ ಎನ್ನುತ್ತಿದ್ದರು. ಅಧ್ಯಾಪಕರಾದ ನಾವು ಏನೂ ಅನ್ನುತ್ತಿರಲಿಲ್ಲ. ದೀಪ, ಫ್ಯಾನುಗಳ ಹಾಗೆ ಅವರೂ ಕಟ್ಟಡದ ಜೊತೆಗೇ ಬಂದವರೆಂದು ಭಾವಿಸಿದ್ದೆವು.

ಅವರಿಗಿದ್ದ ಆಸೆ ಒಂದೇ. ಪುಸ್ತಕ ಹುಡುಕುವುದನ್ನೂ ಓದಿದ್ದನ್ನು ಒರೆಗೆ ಹಚ್ಚುವುದನ್ನೂ ಮಕ್ಕಳಿಗೆ ತರಗತಿಯಲ್ಲೇ, ಮೇಷ್ಟ್ರ ಜೊತೆ ನಿಂತು ಕಲಿಸಬೇಕು. ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು, ಇತಿಹಾಸದ ತರಗತಿಯಲ್ಲಿ ವಾರಕ್ಕೊಂದು ಪೀರಿಯಡ್ ಗಿಟ್ಟಿಸಿದರು. ವೇಳಾಪಟ್ಟಿಯಲ್ಲಿ ಅದರ ಹೆಸರು ‘ಸಹಬೋಧನೆ’. ಇತಿಹಾಸದ ಪ್ರಾಧ್ಯಾಪಕರು ಮನಸಾರೆ ಸಹಕರಿಸಿದರು: ಅಕ್ಕ ಒಳಗೆ ಬಂದೊಡನೆ ತಾವು ಕಾಫಿಗೆ ಹೊರಟುಬಿಡುತ್ತಿದ್ದರು. ಅರ್ಧ ತರಗತಿಯೂ ಗುರುಭಕ್ತಿಯಿಂದ ಅವರ ಬೆನ್ನು ಹಿಡಿಯುತ್ತಿತ್ತು.

ವರ್ಷದ ಕೊನೆಗೆ, ಆ ಪೀರಿಯಡ್ಡಿಗೆ ಹಾಜರಾತಿಯೇ ಇಲ್ಲ, ರದ್ದುಮಾಡೋಣ ಎಂದು ಆ ಪ್ರಾಧ್ಯಾಪಕರೇ ವಿಭಾಗದ ಸಭೆಯಲ್ಲಿ ಪ್ರಸ್ತಾಪ ತಂದರು. ಅಕ್ಕನನ್ನೂ ಕರೆಸಲಾಯಿತು.

ಅಕ್ಕ ಒಂದು ದಪ್ಪ ಪುಸ್ತಕ ಹಿಡಿದು ಬಂದರು. ಹನ್ನೆರಡು ವರ್ಷಗಳಿಂದ ಪ್ರಾಧ್ಯಾಪಕರ ಕಡ್ಡಾಯ ಓದಿನ ಪಟ್ಟಿಯಲ್ಲಿ ಮೊದಲು ನಿಂತಿದ್ದ ಪುಸ್ತಕ ಅದು. ಗ್ರಂಥಾಲಯದಲ್ಲಿದ್ದದ್ದು ಅದೊಂದೇ ಪ್ರತಿ. ಪ್ರತಿ ವರ್ಷ ನಲವತ್ತು ಮಕ್ಕಳು ಅದನ್ನು ಉಲ್ಲೇಖಿಸಿ ಪ್ರಬಂಧ ಬರೆಯುತ್ತಿದ್ದರು. ಪ್ರಾಧ್ಯಾಪಕರು ‘ಆಳವಾದ ಓದು’ ಎಂದು ಷರಾ ಬರೆಯುತ್ತಿದ್ದರು.

ಅಕ್ಕ ಹಿಂದಿನ ರಟ್ಟು ತೆರೆದರು. ಎರವಲಿನ ತಾರೀಖು ಒತ್ತುವ ಚೀಟಿ ಹಾಲಿನಷ್ಟು ಬೆಳ್ಳಗಿತ್ತು.

“ಅಲ್ಲೇ ಕೂತು ಓದಿರ್ತಾರೆ ಬಿಡಮ್ಮ” ಎಂದರು ಪ್ರಾಧ್ಯಾಪಕರು.

ಅಕ್ಕ ಪುಟಗಳ ಅಂಚಿನ ಮೇಲೆ ಬೆರಳಾಡಿಸಿದರು. ಹಳೆಯ ಕಾಲದ ಮುದ್ರಣ. ಮಡಿಸಿ ಹೊಲಿದ ಹಾಳೆಗಳ ಅಂಚನ್ನು ಯಾರೂ ಕತ್ತರಿಸಿರಲಿಲ್ಲ; ಕತ್ತರಿಸದೆ ಒಳಗಿನ ಪುಟಗಳನ್ನು ತೆರೆದು ಓದುವಂತೆಯೇ ಇರಲಿಲ್ಲ. ಮಕ್ಕಳ ಪ್ರಬಂಧ ಹಿಂದಿನ ವರ್ಷದ ಮಕ್ಕಳಿಂದ, ಅದು ಪ್ರಾಧ್ಯಾಪಕರ ನೋಟ್ಸಿನಿಂದ, ಆ ನೋಟ್ಸು ಅವರ ಗುರುಗಳಿಂದ ಇಳಿದು ಬಂದದ್ದೆಂದು ಎಲ್ಲರಿಗೂ ಹೊಳೆಯಿತು. ಸಭೆಗೆ ಸಭೆಯೇ ಮೇಜಿನ ಮರದ ಗುಣಮಟ್ಟವನ್ನು ಪರೀಕ್ಷಿಸತೊಡಗಿತು.

ಅಕ್ಕ ಚೀಲದಿಂದ ಕಾಗದ ಕತ್ತರಿಸುವ ಚಾಕು ತೆಗೆದು ಮುಂದಿಟ್ಟರು.

“ಸರ್, ಮೊದಲ ಪುಟ ನೀವು ಬಿಡಿಸಿ ಕೊಡಿ. ಮಿಕ್ಕಿದ್ದನ್ನ ಕ್ಲಾಸಲ್ಲಿ ಮಕ್ಕಳ ಜೊತೆ ಇಬ್ಬರೂ ಬಿಡಿಸೋಣ. ಕಾಫಿ ಅಲ್ಲಿಗೇ ತರಿಸ್ತೀನಿ.”

ಪೀರಿಯಡ್ ಉಳಿಯಿತು. ಚೀಟಿಯ ಮೇಲೆ ಬಿದ್ದ ಮೊದಲ ಮುದ್ರೆ ಪ್ರಾಧ್ಯಾಪಕರದೇ. ಮುಂದಿನ ವರ್ಷ ಆ ಪುಸ್ತಕ ಪಟ್ಟಿಯಿಂದ ಮಾಯವಾಯಿತು; ಓದಿ ನೋಡಿದರೆ ಅಷ್ಟೇನೂ ಚೆನ್ನಾಗಿರಲಿಲ್ಲವಂತೆ.

ಇನ್ನು ನಾವು ಮಿಕ್ಕವರು. ಸಭೆ ಮುಗಿದ ಸಂಜೆಯೇ ನಮಗೆಲ್ಲ ಗ್ರಂಥಾಲಯದಲ್ಲಿ ತುರ್ತು ಕೆಲಸ ಬಿತ್ತು. ಕೈಯಲ್ಲಿ ತಂತಮ್ಮ ಪಟ್ಟಿ ಹಿಡಿದು ಸಾಲಾಗಿ ನಿಂತೆವು. ನನ್ನ ಪಟ್ಟಿಯ ಎರಡು ಪುಸ್ತಕಗಳನ್ನು ಅಕ್ಕ ಕೊಟ್ಟರು, ಚಾಕುವಿನ ಸಮೇತ.