ನನ್ನ ಪಾಲಿನ ಹುಳುತಟ್ಟೆ

ಮಕ್ಕಳೇ, ಆಗ ಸುಗಟೂರಿನ ನಮ್ಮ ಮನೆಯಲ್ಲಿ ನಡುಮನೆ ನಮ್ಮದಲ್ಲ, ರೇಷ್ಮೆಹುಳುಗಳದು. ಬಿದಿರು ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ ಇರುತ್ತಿದ್ದವು. ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಹಿಪ್ಪುನೇರಳೆ ಎಲೆಯ ಹಸಿ ವಾಸನೆ ಮುದ್ದೆಗೂ ಹತ್ತಿರುತ್ತಿತ್ತು.

ನಾನೋ ಮರೆವಿನ ಹುಡುಗಿ. ನೀರಿಗೆ ಹೋದರೆ ಬಿಂದಿಗೆ ಬಾವಿಕಟ್ಟೆಯಲ್ಲಿ, ನಾನು ಇರುವೆಗಳ ಹಿಂದೆ. ಆ ಬೇಸಿಗೆಯಲ್ಲಿ ಮತ್ತೊಂದು ಸ್ಲೇಟು ಕಳೆದಾಗ ಅಪ್ಪ, "ಇವಳಿಗೆ ಇಸ್ಕೂಲು ಸಾಕು, ಮನೇಲಿರ್ಲಿ" ಅಂದುಬಿಟ್ಟರು.

ನಮ್ಮ ಜೊತೆಗಿದ್ದ ಸೋದರತ್ತೆ ಹುಳು ಸಾಕುತ್ತಿದ್ದವರು. "ಒಂದು ತಟ್ಟೆ ಇವಳಿಗೆ ಕೊಡ್ತೀನಣ್ಣ. ಹುಳ ಗೂಡು ಕಟ್ಟಿದ್ರೆ ಇಸ್ಕೂಲಿಗೆ ಕಳ್ಸು" ಅಂದರು.

"ಹುಳಾನೂ ಕಳ್ಕೊಂಡು ಬರ್ತಾಳೆ ನೋಡ್ತಿರು" ಅಂತ ಅಪ್ಪ ನಕ್ಕರು.

ಅತ್ತೆ ಹೀಗೆ ಮಾಡು ಅನ್ನುತ್ತಿರಲಿಲ್ಲ. ಮಲಗುವ ಮುಂಚೆ ಕೇಳುತ್ತಿದ್ದರು:

"ನಾಳೆ ಎದ್ದು ಮೊದ್ಲು ಏನ್ಮಾಡ್ತೀಯೇ?"

"ಎಲೆ ಹಾಕ್ತೀನಿ."

"ಎಲೆ ಎಲ್ಲೈತೆ?"

"ತೋಟದಾಗೆ."

"ಅದೇ ನಡ್ಕೊಂಡು ಬರ್ತದಾ?"

ಕೊನೆಗೆ ನಾನೇ ಒಂದು ದಾರಿ ಕಂಡುಕೊಂಡೆ. ಎಲೆ ತುಂಬುವ ಮಂಕರಿ, ಎಲೆ ಹೆಚ್ಚುವ ಕತ್ತಿ, ಮುಚ್ಚುವ ಗೋಣಿ, ಕಸದ ಮೊರ, ಎಲ್ಲವನ್ನೂ ಕೆಲಸದ ಕ್ರಮದಲ್ಲೇ ಗೋಡೆಗೆ ಸಾಲಾಗಿ ಇಡುವುದು. ಮುಗಿದದ್ದನ್ನು ಎದುರು ಗೋಡೆಗೆ ಒಯ್ಯುವುದು. ಮರೆತರೆ ಸಾಲು ನೋಡಿದರಾಯಿತು.

ಒಂದು ಬೆಳಿಗ್ಗೆ ಹುಳುಗಳೆಲ್ಲ ತಲೆ ಎತ್ತಿ ಅಲ್ಲಾಡದೆ ಕೂತಿದ್ದವು. ಸತ್ತೇ ಹೋಗುತ್ತವೆಂದು ಹೆದರಿ ಎಲೆ ಸುರಿಯಲು ಹೋದೆ. ಅತ್ತೆ ಕೈ ಹಿಡಿದರು.

"ಜ್ವರಕ್ಕೆ ಕೂತವೆ ಕಣೇ, ಕಾಯಿಲೆ ಅಲ್ಲ. ಪೊರೆ ಬಿಡೋವರ್ಗೂ ತಿನ್ನಲ್ಲ."

"ಎದ್ದಿದ್ದು ಹೆಂಗೆ ಗೊತ್ತಾಗ್ತದೆ ಅತ್ತೆ?"

"ನೋಡ್ತಾ ಇರು."

ನೋಡುತ್ತ ಕೂತೆ. ಕೊನೆಗೆ ಒಂದು ಹುಳು ತನ್ನ ಹಳೆಯ ಚರ್ಮದಿಂದ ಸುಮ್ಮನೆ ಹೊರಗೆ ನಡೆದು ಬಂತು. ಅಷ್ಟು ಹೊತ್ತು ನಾನು ಒಂದೇ ಕಡೆ ಕೂತದ್ದು ಅದೇ ಮೊದಲು.

ಕಡೇ ಸಲ ಪೊರೆ ಬಿಟ್ಟು ಜ್ವರ ಎದ್ದ ಮೇಲೆ ಎಷ್ಟು ಎಲೆ ಹಾಕಿದರೂ ಅವಕ್ಕೆ ಸಾಲದು. ಒಂದು ಸಂಜೆ ಮೋಡ ಕವಿಯಿತು. ಒದ್ದೆ ಎಲೆ ತಿಂದರೆ ಹುಳುವಿಗೆ ರೋಗ. ಸಾಲಿನ ಮೊದಲಿಗಿದ್ದ ಮಂಕರಿ ಎತ್ತಿಕೊಂಡು ಹೋಗಿ ನಾಳೆಯ ಎಲೆಯನ್ನು ಅಂದೇ ಕಿತ್ತು ತಂದೆ. ಆಮೇಲೆ ಮಳೆ ಹುಯ್ಯಿತು. ಬೆಳಿಗ್ಗೆ ಅಪ್ಪ ತೊಯ್ದ ಎಲೆಯನ್ನು ಆರಹಾಕುತ್ತಿರುವಾಗ ನನ್ನ ತಟ್ಟೆಗೆ ಮಳೆ ಸೋಕದ ಎಲೆ ಬಿತ್ತು.

"ಯಾರೇ ಹೇಳಿದ್ದು ನಿಂಗೆ?"

"ಯಾರೂ ಇಲ್ಲಪ್ಪ. ಮೋಡ ನೋಡ್ದೆ."

ಅಪ್ಪ ಅತ್ತೆಯ ಕಡೆ ತಿರುಗಿದರು. ಅತ್ತೆ ತಲೆ ಎತ್ತದೆ ತಟ್ಟೆಯ ಹಿಕ್ಕೆ ತೆಗೆಯುತ್ತಲೇ ಇದ್ದರು.

ಗೂಡು ಕಟ್ಟಿದ ವಾರವೇ ನಾನು ಇಸ್ಕೂಲಿಗೆ ಹೋದೆ. ನಾಲ್ಕನೇ ಕ್ಲಾಸಿನವರೆಗೆ ಓದಿದೆ. ನಿಮಗೆ ಬರೆಯುತ್ತಿರುವ ಈ ಅಕ್ಷರಗಳು ಅಲ್ಲಿ ಕಲಿತವು. ಈಗ ಅತ್ತೆ ಇಲ್ಲ, ಆ ನಡುಮನೆಯೂ ಇಲ್ಲ. ಅಲ್ಲಿ ಸಾವಿರಾರು ಹುಳುಗಳು ಒಟ್ಟಿಗೆ ಎಲೆ ಮೇಯುವ ಸದ್ದೊಂದಿತ್ತು. ಅದನ್ನು ನಿಮಗೆ ಕೇಳಿಸಬೇಕೆಂದು ಬಹಳ ಹೊತ್ತು ಕೂತು ನೋಡಿದೆ. ಬರೆಯಲು ಬರಲಿಲ್ಲ.