ವಲ್ಲಿಯ ಕೆಳಗಿನ ತಾಳ

ನನ್ನ ಹೆಗಲ ಮೇಲಿನ ಈ ಹಳೆಯ ವಲ್ಲಿಯನ್ನು ನೋಡಿ ನಗಬೇಡಿ, ಗೆಳೆಯರೇ. ಅಂಚು ಬಿಚ್ಚಿದೆ, ಮೂಲ ಬಣ್ಣ ಯಾವುದೆಂದು ಹೆಂಡತಿಗೂ ನೆನಪಿಲ್ಲ. ಆದರೆ ಮೂಡಲಗಿಯ ದನದ ಪೇಟೆಯಲ್ಲಿ ಬರಿಗಾಲಲ್ಲಿ ನಿಂತಿದ್ದವನನ್ನು ಗೋಕಾಕದಲ್ಲಿ ಸ್ವಂತ ಮನೆ ಕಟ್ಟಿಸುವವರೆಗೆ ನಡೆಸಿ ತಂದದ್ದು ಇದೇ. ಎತ್ತಿನ ದಲಾಲಿಗಳಾದ ನಾವು ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ವಲ್ಲಿಯ ಕೆಳಗೆ ಸೇರುತ್ತವೆ. ಹಿಡಿದ ಬೆರಳೇ ಮಾತು, ಸುತ್ತ ನಿಂತವರಿಗೆ ಸುದ್ದಿಯೇ ಇಲ್ಲ. ಈ ಮೂಕವಿದ್ಯೆ ನನ್ನ ಮನೆಯೊಳಗೇ ಒಂದು ದಿನ ಬೇಕಾದೀತೆಂದು ನಾನೆಣಿಸಿರಲಿಲ್ಲ.

ಮಗಳು ಗಂಗವ್ವನಿಗೆ ಆರು ತುಂಬಿದ ವರ್ಷ ಜ್ವರ ಬಂತು. ಜ್ವರ ಇಳಿಯಿತು; ಇಳಿಯುವಾಗ ಅವಳ ಕಿವಿಯನ್ನೂ ಜೊತೆಗೆ ಒಯ್ದಂತಿತ್ತು. ಹಿಂದಿನಿಂದ ಕೂಗಿದರೆ ತಿರುಗಳು. ಪಟಪಟ ಹರಟುತ್ತಿದ್ದವಳು ದಿನಕ್ಕೊಂದು ಮಾತು ಮರೆಯುತ್ತ ಬಂದಳು. ಬೆಳಗಾವಿಯ ಡಾಕ್ಟರರು, ಕಿವಿಯಲ್ಲಿ ಎಳೆಯಷ್ಟು ಜೀವ ಉಳಿದಿದ್ದರೂ ಅದಕ್ಕೆ ದಿನವೂ ಧ್ವನಿ ಉಣಿಸಿರಿ, ಇಲ್ಲವಾದರೆ ಇದ್ದ ಮಾತೂ ಹೋದೀತು ಎಂದರು. ಉಳಿದಿದೆಯೋ ಇಲ್ಲವೋ ಎಂಬುದೇ ನಮಗೆ ತಿಳಿಯದು.

ಮನುಷ್ಯರ ದನಿ ಸಾಲದಿದ್ದರೆ ಗ್ರಾಮಫೋನು ತರೋಣ ಎಂದುಕೊಂಡೆ. ಇಡಿಯಾಗಿ ಕೊಂಡರೆ ನಾನೆಂಥ ದಲಾಲಿ? ಪೆಟ್ಟಿಗೆ ಹುಕ್ಕೇರಿಯಲ್ಲಿ, ಸೂಜಿಯ ನಡುಕವನ್ನು ಧ್ವನಿಯಾಗಿಸುವ ಸೌಂಡ್ ಬಾಕ್ಸು ಬೆಳಗಾವಿಯಲ್ಲಿ, ಆ ಧ್ವನಿಯನ್ನು ಹಿಗ್ಗಿಸಿ ಹೊರಹಾಕುವ ತಗಡಿನ ತುತ್ತೂರಿ ಮುಚ್ಚಿಹೋದ ನಾಟಕ ಕಂಪನಿಯೊಂದರಿಂದ. ಎಲ್ಲ ಕಡೆಯೂ ಅತಿ ಜೋರಿನದನ್ನೇ ಆರಿಸಿ, ಚೌಕಾಸಿ ಮಾಡಿ ತಂದೆ. ಗಂಗವ್ವನನ್ನು ತುತ್ತೂರಿಯ ಬಾಯೆದುರು ಕೂರಿಸಿ ಸೂಜಿ ಇಟ್ಟೆ. ತಗಡು ಕಿರುಚಿತು. ಮಗು ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತ ಓಡಿತು.

“ಕೇಳಿಸ್ತು! ನೋಡ, ಕೇಳಿಸ್ತು!” ಎಂದು ನಾನು ಕುಣಿದೆ.

“ಕೇಳಿಸ್ತೋ, ಮಾರಿಗಿ ಗಾಳಿ ಬಡದು ಅಂಜಿತೋ, ನಿಮಗೇನ್ ಗೊತ್ತ್ರಿ?” ಎಂದಳು ಹೆಂಡತಿ ನೀಲವ್ವ. “ಸತ್ತ ದನಾ ಎದ್ದ ಕುಂದರಬೇಕು, ಹಂಗ ಒದರತೈತಿ ನಿಮ್ಮ ಸಾಮಾನು.”

ಆಮೇಲೆ ಮಗಳು ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ.

ಕಟ್ಟಿಗೆಯ ಗೊಂಬೆ, ಕಾಗದದ ಹಣ್ಣು ಮಾಡುವ ವಿಠ್ಠಪ್ಪಕಾಕಾ ನಮ್ಮ ಓಣಿಯವರು. ತುತ್ತೂರಿಯನ್ನು ಬೆರಳಿನಿಂದ ಬಡಿದು ನೋಡಿ ನಕ್ಕರು.

“ಏನೋ ತಮ್ಮಾ, ದಲಾಲಿ ಅಂತಿ. ಕೊಬ್ಬಿದ ಎರಡು ಹೋರಿ ತಂದು ಒಂದ ನೊಗಕ್ಕ ಹೂಡೀದಿ. ಹೊಲಾ ಹರಗತಾವೇನು?”

“ಸೌಂಡ್ ಬಾಕ್ಸು, ತುತ್ತೂರಿ, ಎರಡೂ ಭಾರೀ ಮಾಲ್ ಐತ್ರಿ ಕಾಕಾ!”

“ಐತಿ. ಜೋಡಿ ಆಗಿಲ್ಲ, ಅಷ್ಟ.”

ನಾಚಿಕೆಯಾಯಿತು. ಇಪ್ಪತ್ತು ವರ್ಷ ಎತ್ತಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ಅನ್ನ ತಿಂದವನು ನಾನು! ನೀವೂ ನೆನಪಿಡಿ: ಬಿಡಿಯಾಗಿ ನೋಡಿದರೆ ಎಲ್ಲ ಸರಕೂ ಚೆಲುವಾಗಿಯೇ ಕಾಣುತ್ತದೆ, ಅದರ ಗುಣ ತಿಳಿಯುವುದು ಬಗಲಿಗೆ ಇನ್ನೊಂದನ್ನು ನಿಲ್ಲಿಸಿದಾಗ.

ವಿಠ್ಠಪ್ಪಕಾಕಾ ಹಣ್ಣಿಗೆ ಬಳಸುವ ಕಾಗದದ ತಿರುಳನ್ನೇ ಹುಣಸೆಬೀಜದ ಅಂಟಿನಲ್ಲಿ ಕಲಸಿ, ಪದರದ ಮೇಲೆ ಪದರ ಹಚ್ಚಿ, ಅಗಲ ಬಾಯಿಯ ತುತ್ತೂರಿಯೊಂದನ್ನು ಮಾಡಿಕೊಟ್ಟರು. ನಾನು ಜೋರಿನ ಸೌಂಡ್ ಬಾಕ್ಸು ಕೊಟ್ಟು ಮೆತ್ತನೆಯದನ್ನು ಬದಲು ತಂದೆ. ಉಕ್ಕಿನ ಸೂಜಿಯ ಜಾಗಕ್ಕೆ ಬೇಲಿಯ ಜಾಲಿಮುಳ್ಳು ಬಂತು. ಬಿಸಿಲುಂಡ ಗೋಡೆಗೆ ಬೆನ್ನು ಹಚ್ಚಿ ಕುಳಿತಂತೆ ಧ್ವನಿ ಬೆಚ್ಚಗಾಯಿತು. ಆದರೆ ಬೆಚ್ಚಗಾದದ್ದು ನನ್ನ ಕಿವಿಗೆ. ಅವಳ ಕಿವಿಗೆ?

ಒಂದು ಮಧ್ಯಾಹ್ನ, ನೆಲದ ನಡುಕ ಅವಳಿಗೆ ತಾಗದಿರಲೆಂದು ಪೆಟ್ಟಿಗೆಯ ಕೆಳಗೆ ಕಂಬಳಿ ಮಡಿಸಿಟ್ಟು, ಗಂಗವ್ವನನ್ನು ಪಡಸಾಲೆಯಲ್ಲಿ ಕೋಣೆಗೆ ಬೆನ್ನಾಗಿ ಕೂರಿಸಿಕೊಂಡೆ. ಪೇಟೆಯ ಆಟ ಅವಳಿಗೆ ಗೊತ್ತು. ವಲ್ಲಿ ಹಾಸಿದೊಡನೆ ಕೈಯನ್ನು ಒಳಗಿಟ್ಟಳು. ಕೋಣೆಯಲ್ಲಿ ನೀಲವ್ವ ಮುಳ್ಳನ್ನು ಹಾಡಿನ ತಟ್ಟೆಯ ಮೇಲೆ ಇಳಿಸಿದಳು. ಗಂಡಸಿನ ತುಂಬುದನಿಯ ಪದ, ಬೆನ್ನಿಗೆ ತಬಲಾ. ಪಲ್ಲವಿ ಮುಗಿಯಿತು, ಬೆರಳು ಅಲುಗಲಿಲ್ಲ. ಮತ್ತೊಮ್ಮೆ ಬಂತು, ಅಲುಗಲಿಲ್ಲ. ನನ್ನ ಬೆರಳೇ ತಾಳ ಹಾಕಿ ಅವಳಿಗೆ ಸುಳ್ಳು ಕಲಿಸೀತೆಂದು ಕೈ ಅಲುಗದಂತೆ ಬಿಗಿಹಿಡಿದೆ.

ಆಗ ಅವಳ ಕಿರುಬೆರಳು ಮೆಲ್ಲನೆ ತಟ್ಟಿತು. ತಡೆದು, ಇನ್ನೊಮ್ಮೆ. ಆ ಪದದ ನಡುವೆ ತಬಲಾ ನಿಂತು ದನಿಯೊಂದೇ ಎಳೆಯುವ ಜಾಗವಿದೆ. ಅಲ್ಲಿಯವರೆಗೆ ನನಗೆ ನಂಬಿಕೆಯಿಲ್ಲ. ತಬಲಾ ನಿಂತಿತು. ಬೆರಳೂ ನಿಂತಿತು. ತಬಲಾ ಎದ್ದಿತು, ಬೆರಳೂ ಎದ್ದಿತು.

“ಏನಾತ್ರಿ? ಬಾಯಿ ಬಿಡ್ರಲಾ!” ನೀಲವ್ವ ಹೊಸ್ತಿಲಲ್ಲಿ ನಿಂತಿದ್ದಳು. ವಲ್ಲಿ ಸರಿಸಿ, ತಟ್ಟುತ್ತಿದ್ದ ಬೆರಳನ್ನು ತೋರಿಸಿದೆ. ಅವಳು ಅಲ್ಲೇ ಕುಳಿತು ಸೆರಗು ಕಚ್ಚಿದಳು.

ಗಂಗವ್ವನ ಮಾತು ಒಂದೊಂದಾಗಿ ಹಿಂದಿರುಗಲು ಮಳೆಗಾಲವೆಲ್ಲ ಹಿಡಿಯಿತು. ಈಗ ತುಸು ಜೋರಾಗಿಯೇ ಮಾತಾಡುತ್ತಾಳೆ, ಪೇಟೆಯವರ ಹಾಗೆ. ನೀಲವ್ವ ಈ ವಲ್ಲಿಯನ್ನು ನೆಲ ಒರೆಸಲು ಕೇಳುತ್ತಲೇ ಇರುತ್ತಾಳೆ, ನಾನು ಕೊಡುವುದಿಲ್ಲ. ಏಕೆಂದರೆ ಅಂದು ಪದ ಮುಗಿದು ತಟ್ಟೆ ಬರಿದೇ ತಿರುಗತೊಡಗಿದಾಗ, ಮಗಳು ಇದೇ ಬಟ್ಟೆಯನ್ನು ಮತ್ತೆ ಕೈಗಳ ಮೇಲೆ ಎಳೆದುಕೊಂಡು, ನನ್ನ ಒಂದು ಬೆರಳನ್ನು ಹಿಡಿದು ಜಗ್ಗಿದಳು: ಇನ್ನೊಂದು ಸಲ. ನನ್ನ ಜೀವಮಾನದಲ್ಲಿ ಚೌಕಾಸಿಯಿಲ್ಲದೆ ಮೊದಲ ಬೇಡಿಕೆಗೇ ಒಪ್ಪಿದ್ದು ಆ ಒಂದು ಬೆರಳಿಗೆ ಮಾತ್ರ.