ಕಂಪ್ರೆಸರ್ ಗುಡುಗಿದ ಹಾಡು

ಪೀಣ್ಯದ ವರ್ಕ್‌ಶಾಪೊಂದರಲ್ಲಿ ಲೇತ್ ಓಡಿಸುತ್ತಿದ್ದ ನಾವು ನಾಲ್ವರು ವಾರದ ರಜೆಯ ದಿನ ಅಲ್ಲೇ ರಾಕ್ ಹಾಡುತ್ತಿದ್ದೆವು. ಎ ಸೈಡಿಗೊಂದು, ಬಿ ಸೈಡಿಗೊಂದು ಹಾಡು ತುಂಬಿಸಿ ನಾವೇ ಹಂಚಿದ್ದ ಕ್ಯಾಸೆಟ್ಟುಗಳನ್ನೆಲ್ಲ ಸೇರಿಸಿ ಕೊನೆಗೊಂದು ಸಿಡಿ ಮಾಡಲು ಹೊರಟೆವು. ಸ್ಟುಡಿಯೋದವನು ಬಿ ಸೈಡಿನ ಒಂದು ಹಾಡಿಗೆ ಮುಖ ಕಿವಿಚಿದ. ಅದನ್ನು ವರ್ಕ್‌ಶಾಪಿನಲ್ಲಿ ರೆಕಾರ್ಡ್ ಮಾಡುವಾಗ ಅಲ್ಲಿನ ಏರ್ ಕಂಪ್ರೆಸರ್ ಆಫ್ ಮಾಡಲು ಮರೆತಿದ್ದೆವು. ಟ್ಯಾಂಕಿನ ಗಾಳಿ ಇಳಿದೊಡನೆ ಅದು ನಡುಹಾಡಿನಲ್ಲಿ ತಾನಾಗಿಯೇ ಗುಡುಗಿತ್ತು.

“ಇದನ್ನ ಬಿಟ್ಬಿಡು ಗುರು, ಕೇಳಿದೋರು ನಗ್ತಾರೆ,” ಎಂದ.

“ನಗ್ಲಿ. ಅದನ್ನೇ ಮೊದಲ್ನೇದು ಹಾಕು,” ಎಂದೆ.

ವಾರಕ್ಕೆ ಆರು ದಿನ ಆ ಸದ್ದನ್ನು ಮೀರಿ ಕಿರುಚಿ ಮಾತಾಡಿಯೇ ನಮ್ಮ ಗಂಟಲು ಒಡೆದಿತ್ತು. ಹಾಡುತ್ತಿದ್ದುದೂ ಅದೇ ಗಂಟಲಿನಲ್ಲಿ. ಆ ಸದ್ದಿಗೆ ನಾಚಿಕೊಂಡರೆ, ಹಾಡಲು ಬೇರೆ ಗಂಟಲು ಎಲ್ಲಿಂದ ತರುವುದು?